ದೀಪ ಕಂಡಲ್ಲಿ ನಿಲ್ಲುವ ನಾಯಿಗಳು

ನನ್ನ ಅತ್ತಿಗೆ ಗುನ್ವೋರ್‌ಗೆ ಒಂದು ಕಾಯಿಲೆ ಇದೆ. ಯಾರ ಮನೆ ಎದುರಾದರೂ ಸರಿ, ಒಳಗೆ ಇಣುಕದೆ ಮುಂದೆ ಹೋಗಲಾರಳು. ವೃತ್ತಿಯಿಂದ ಅವಳು ದಾದಿ. ನಾರ್ವೆಯ ಉತ್ತರದ ತುದಿಯಲ್ಲಿ ಹರಿಯುವ ನಮ್ಮ ತಾನಾ ನದಿಯ ಎರಡೂ ದಡದಲ್ಲಿ ಒಬ್ಬೊಬ್ಬರೇ ಇರುವ ಮುದುಕ ಮುದುಕಿಯರ ಮನೆಗೆ ಹೋಗಿ ಮಾತ್ರೆ ಕೊಡುವುದು, ಹುಣ್ಣಿನ ಪಟ್ಟಿ ಬದಲಿಸುವುದು, ಕಣ್ಣಿಗೆ ಹನಿ ಬಿಡುವುದು ಅವಳ ಕೆಲಸ. ಸಂಬಳ ಬರುವುದು ಇಷ್ಟಕ್ಕೇ. ಮಿಕ್ಕಿದ್ದೆಲ್ಲ, ಅಂದರೆ ಕಾಫಿ ಕುಡಿಯುವುದು, ಯಾರ ಸೊಸೆ ಯಾರ ಜೊತೆ ಮಾತು ಬಿಟ್ಟಳೆಂದು ತಿಳಿದುಕೊಳ್ಳುವುದು, ಆ ಮನೆಯ ಸುದ್ದಿಯನ್ನು ಈ ಮನೆಗೆ ದಾಟಿಸುವುದು, ಅವಳು ಊರಿಗೆ ಸಲ್ಲಿಸುವ ಉಚಿತ ಸೇವೆ. ನಾನು ಊರಿನ ಅಂಗಡಿಯಲ್ಲಿ ಗಲ್ಲಾದ ಮುಂದೆ ಕೂರುವವಳು. ಸುದ್ದಿ ಮೊದಲು ನನ್ನ ಹತ್ತಿರ ಬರಬೇಕಾದ್ದು ನ್ಯಾಯ. ಇವಳ ದೆಸೆಯಿಂದ ನನಗೆ ಸಿಗುವುದೆಲ್ಲ ಹಳಸಿದ್ದೇ.

ಇದರ ಜೊತೆಗೆ ಅವಳಿಗೆ ಹಿಮದ ಮೇಲೆ ಜಾರುವ ಬಂಡಿ ಎಳೆಯುವ ಹತ್ತು ನಾಯಿಗಳಿವೆ. ನನ್ನ ಅಣ್ಣ ಚಳಿಗಾಲವಿಡೀ ಮೀನು ಹಿಡಿಯುತ್ತಾ ಬಿರುಗಾಳಿಯ ಸಮುದ್ರದ ಮೇಲಿರುತ್ತಾನೆ. ಕಷ್ಟವಾಗುವುದಿಲ್ಲವೇನೋ ಎಂದು ಕೇಳಿದರೆ, "ಮನೇಲಿ ಹತ್ತು ನಾಯಿ, ಒಬ್ಬಳು ಗುನ್ವೋರ್. ಸಮುದ್ರವೇ ಸುಮ್ಮನಿರುತ್ತೆ ಕಣೇ" ಅನ್ನುತ್ತಾನೆ.

ಆ ಹತ್ತರಲ್ಲಿ ಎಲ್ಲಕ್ಕಿಂತ ಮುಂದೆ ಓಡುವವಳು ಸ್ಮುಲಾ. ನಮ್ಮ ಮಾತಿನಲ್ಲಿ ಸ್ಮುಲಾ ಎಂದರೆ ರೊಟ್ಟಿಯ ಚೂರು. ಒಂದು ಕಿವಿ ಆಕಾಶಕ್ಕೆ, ಒಂದು ಕಿವಿ ಭೂಮಿಗೆ. ಕಡ್ಡಿಯಂಥ ಕಾಲು. ನೋಡಿದವರು ಅಯ್ಯೋ ಪಾಪ ಅನ್ನಬೇಕು. ಆದರೆ ಹಿಮಗಾಳಿ ಎದ್ದು ಹಾದಿಯೆಲ್ಲ ಮುಚ್ಚಿಹೋಗಿ, ಗುನ್ವೋರ್‌ಗೆ ತನ್ನ ಮೂಗಿನ ತುದಿಯೂ ಕಾಣದಿದ್ದಾಗ, ನದಿಯ ಮಂಜುಗಡ್ಡೆಯ ಮೇಲೆ ಎಲ್ಲಿ ಕಾಲಿಡಬೇಕು ಎಲ್ಲಿ ಇಡಬಾರದು ಎನ್ನುವುದು ಆ ಚೂರಿಗೆ ಗೊತ್ತು. ತನ್ನ ಒಡತಿಯನ್ನು ಅದೆಷ್ಟು ಸಲ ಮನೆ ಸೇರಿಸಿದೆಯೋ!

ತೊಂದರೆ ಏನೆಂದರೆ, ಈ ಸ್ಮುಲಾ ಹುಟ್ಟಿದ್ದು ಔಡುನ್‌ನ ಅಂಗಳದಲ್ಲಿ. ಔಡುನ್ ಆಚೆ ದಡದವನು, ಗುನ್ವೋರ್‌ಳ ಜೊತೆ ಶಾಲೆಗೆ ಹೋದವನು, ಈ ಕಣಿವೆಯ ದೊಡ್ಡ ನಾಯಿ ಸಾಹುಕಾರ. ತನ್ನ ಮುತ್ತಜ್ಜಿಯ ಹೆಸರು ಅವನಿಗೆ ಗೊತ್ತಿಲ್ಲ, ತನ್ನ ನಾಯಿಗಳ ಮುತ್ತಜ್ಜಿಯರ ಹೆಸರೆಲ್ಲ ಬಾಯಿಪಾಠ. ಒಂದು ವಸಂತದಲ್ಲಿ ಅವನು ಕೈ ಕುಯ್ದುಕೊಂಡಿದ್ದನೆಂದು ಹೊಲಿಗೆ ಬಿಚ್ಚಲು ಹೋದ ಗುನ್ವೋರ್, ಒಲೆಯ ಪಕ್ಕದ ಪೆಟ್ಟಿಗೆಯಲ್ಲಿ ಇಲಿಯಂಥ ಮರಿಯೊಂದನ್ನು ಕಂಡಳು. ಇದು ಬದುಕುವುದಿಲ್ಲ, ಸಂಜೆ ಮುಗಿಸಿಬಿಡುತ್ತೇನೆ ಎಂದ ಔಡುನ್. ಇವಳು ಕೊಡು ಎಂದಳು. "ತಗೊಂಡು ಹೋಗು. ಆದ್ರೆ ಇದು ಎಂದಾದ್ರೂ ಬಂಡಿ ಮುಂದೆ ಓಡಿದ್ರೆ ನನಗೇ ವಾಪಸ್ ಕೊಡ್ಬೇಕು, ನೋಡು!" ಎಂದು ಅವನು ನಕ್ಕ. "ಕೊಡ್ತೀನಿ, ಅದಕ್ಕೇನಂತೆ" ಎಂದು ಇವಳೂ ನಕ್ಕಳು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ನಮ್ಮ ಕಡೆ ಕಾಫಿ ಮೇಜಿನ ಮುಂದೆ ಆಡಿದ ಮಾತನ್ನು ಯಾರೂ ಮರೆಯುವುದಿಲ್ಲ.

ಕಳೆದ ನವೆಂಬರಿನಲ್ಲಿ, ಸೂರ್ಯ ಈ ವರ್ಷಕ್ಕೆ ಸಾಕು, ಇನ್ನೆರಡು ತಿಂಗಳು ಏಳುವುದಿಲ್ಲ ಎಂದು ಮುಳುಗಿ ಹೋದ ವಾರ, ಔಡುನ್ ಅಂಗಡಿಗೆ ಬಂದ. ಗುನ್ವೋರ್ ಚೀಸ್ ಕೊಳ್ಳುತ್ತಿದ್ದಳು.

"ಗುನ್ವೋರ್, ನನ್ನ ನಾಯಿ ಯಾವಾಗ ಕೊಡ್ತೀಯ?"

"ಯಾವ ನಾಯಿ ಕಣೋ?"

"ಸ್ಮುಲಾ. ಬಂಡಿ ಮುಂದೆ ಓಡಿದ್ರೆ ವಾಪಸ್ ಕೊಡ್ತೀನಿ ಅಂದಿದ್ದೆಯಲ್ಲ. ಓಡ್ತಿದೆಯಲ್ಲ ಈಗ?"

"ನಾಚಿಕೆ ಆಗಲ್ವಾ ನಿನಗೆ? ಸಂಜೆ ಮುಗಿಸಿಬಿಡ್ತೀನಿ ಅಂದಿದ್ದೆ ನೀನು!"

"ಮುಗಿಸಿದ್ನಾ? ಇಲ್ವಲ್ಲ. ಅಂದ್ಮೇಲೆ ಮಾತು ಮಾತೇ."

ಗುನ್ವೋರ್‌ಳ ಕಿವಿ ಕೆಂಪಾಯಿತು. ನನ್ನನ್ನು ಕೇಳಿದ್ದರೆ, ಯಾವ ಮಾತು, ಯಾವಾಗ, ನಾನು ಕೇಳೇ ಇಲ್ಲ ಎಂದು ಸಾರಾಸಗಟು ಸುಳ್ಳು ಹೇಳಿಬಿಡುತ್ತಿದ್ದೆ. ಅವಳಿಗೆ ಆ ವಿದ್ಯೆ ಬರುವುದಿಲ್ಲ. ಕೊನೆಗೆ ಮಾರ್ಚ್ ತಿಂಗಳ ನದಿ ಓಟದಲ್ಲಿ ತೀರ್ಮಾನವಾಗಲಿ ಎಂದಾಯಿತು. ಮೇಲಿನ ಕಣಿವೆಯಿಂದ ಸೇತುವೆಯವರೆಗೆ ಓಟ, ಇಬ್ಬರಲ್ಲಿ ಗೆದ್ದವರಿಗೆ ಸ್ಮುಲಾ. ಇಬ್ಬರೂ ಕೈ ಕುಲುಕಿದರು. ಔಡುನ್ ಹೊರಗೆ ಹೋದ ಮೇಲೆ ಗುನ್ವೋರ್ ಚೀಸನ್ನು ನನ್ನ ಮುಂದೆಯೇ ಬಿಟ್ಟು, ಬರಿಗೈಯಲ್ಲಿ ಮನೆಗೆ ನಡೆದಳು. ಅವಳು ಅಷ್ಟು ಹೆದರಿದ್ದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ.

ಆ ಚಳಿಗಾಲದಂಥ ಚಳಿಗಾಲ ನನ್ನ ಶತ್ರುವಿಗೂ ಬೇಡ. ಉಗುಳಿದರೆ ನೆಲ ಮುಟ್ಟುವ ಮೊದಲೇ ಕಲ್ಲು. ಬೆಳಗ್ಗೆ ಎದ್ದರೂ ಕತ್ತಲೆ, ಮಧ್ಯಾಹ್ನ ಉಂಡರೂ ಕತ್ತಲೆ. ಗುನ್ವೋರ್ ದೊಡ್ಡ ಹಂಡೆಯಲ್ಲಿ ಮೀನಿನ ತಲೆ, ಕೊಬ್ಬು, ನೀರು ಹಾಕಿ ನಾಯಿಗಳಿಗೆ ಸಾರು ಕುದಿಸುವಳು. ಆ ವಾಸನೆ ಅವಳ ಕೂದಲಿನಲ್ಲಿ ಸೇರಿಕೊಂಡು, ಚರ್ಚಿನಲ್ಲಿ ಅವಳ ಪಕ್ಕದ ಜಾಗ ಯಾವಾಗಲೂ ಖಾಲಿ. ಆಮೇಲೆ ಒಂದೊಂದು ನಾಯಿಯ ಒಂದೊಂದು ಪಾದಕ್ಕೂ ಬಟ್ಟೆಯ ಚೀಲ ಕಟ್ಟಬೇಕು. ಗವಸು ಹಾಕಿಕೊಂಡು ಕಟ್ಟಲಾಗದು, ಬಿಚ್ಚಿದರೆ ಬೆರಳು ಮರಗಟ್ಟುತ್ತದೆ. ಕಟ್ಟಿ ಮುಗಿಸುವಷ್ಟರಲ್ಲಿ ಮೊದಲನೆಯ ನಾಯಿ ತನ್ನದನ್ನು ಬಿಚ್ಚಿ ತಿಂದಿರುತ್ತಿತ್ತು.

ಔಡುನ್ ಓಡಿಸುವ ರೀತಿಯೇ ಬೇರೆ. ಇಂದು ಇಷ್ಟು ದೂರ, ನಾಳೆ ಅದಕ್ಕಿಂತ ಹೆಚ್ಚು, ನಾಡಿದ್ದು ವಿಶ್ರಾಂತಿ. ನಮ್ಮವಳಿಗೆ ಅಷ್ಟೆಲ್ಲ ಪುರುಸೊತ್ತೆಲ್ಲಿ? ಗಾಳಿಗೆ ರಸ್ತೆ ಮುಚ್ಚಿಹೋಗುತ್ತಿತ್ತು, ಹಿಮ ಗೋರುವ ಗಾಡಿಯೂ ಬರುತ್ತಿರಲಿಲ್ಲ. ಆಗ ಅವಳು ಔಷಧದ ಪೆಟ್ಟಿಗೆಯನ್ನು ಬಂಡಿಗೆ ಕಟ್ಟಿ, ನದಿಯ ಮೇಲಿನಿಂದಲೇ ತನ್ನ ಮುದುಕರ ಮನೆಗಳಿಗೆ ಹೊರಡುವಳು. ಸ್ವಾಮಿಕಾರ್ಯವೂ ಆಯಿತು, ಸ್ವಕಾರ್ಯವೂ ಆಯಿತು ಎಂದು ಬೀಗುವಳು. ಕಿಟಕಿಯಲ್ಲಿ ದೀಪ ಕಂಡಲ್ಲೆಲ್ಲ ಬಂಡಿ ನಿಲ್ಲುವುದು, ಅವಳಿಗೆ ಕಾಫಿ, ನಾಯಿಗಳಿಗೆ ಒಣಮೀನಿನ ಸಿಪ್ಪೆ.

ಇದರ ಫಲ ಏನಾಯಿತೆಂದು ಫೆಬ್ರವರಿಯಲ್ಲಿ ನನ್ನ ಕಣ್ಣಾರೆ ಕಂಡೆ. ಸೂರ್ಯ ಮರಳಿ ಬಂದಿದ್ದ. ಓಟದ ಹಾದಿಯಲ್ಲಿ ಒಮ್ಮೆ ಪೂರ್ತಿ ಓಡಿಸಿ ನೋಡೋಣ, ಬಂಡಿಯಲ್ಲಿ ಭಾರಕ್ಕೆ ನೀನು ಕೂತ್ಕೋ ಎಂದಳು ಅತ್ತಿಗೆ. ಹಿಟ್ಟಿನ ಮೂಟೆಯ ಬದಲು ನಾನು. ನಾಯಿಗಳು ಎಂಥ ವೇಗ ಹಿಡಿದವೆಂದರೆ ನನ್ನ ಕಣ್ಣೀರು ಕಿವಿಯ ಕಡೆಗೆ ಹರಿದು ಅಲ್ಲೇ ಹೆಪ್ಪುಗಟ್ಟಿತು. ಔಡುನ್‌ನ ಕಥೆ ಮುಗಿಯಿತು ಅಂದುಕೊಂಡೆ. ಅಷ್ಟರಲ್ಲಿ ಹೊತ್ತು ಮುಳುಗಿ, ಗುನ್ವೋರ್ ನೋಡಿಕೊಳ್ಳುವ ಮುದುಕಿಯರಲ್ಲಿ ಒಬ್ಬಳಾದ ಪೆಟ್ರೀನೆ ಅಜ್ಜಿಯ ಕಿಟಕಿಯ ದೀಪ ಕಾಣಿಸಿತು. ಸ್ಮುಲಾ ದಡದ ಕೆಳಗೆ ಬಂದು ನಿಂತಳು. ನಿಂತಳು ಅಂದೆನೇ? ಕೂತೇಬಿಟ್ಟಳು. ಹಿಂದಿನವೆಲ್ಲ ಸಾಲಾಗಿ ಕೂತವು, ಊಟದ ಪಂಕ್ತಿಯಲ್ಲಿ ಕೂತ ಹಾಗೆ.

"ನಡೀರಿ! ನಡೀರಿ ಅಂದೆ!" ಗುನ್ವೋರ್ ಕಿರುಚಿದಳು. ಹತ್ತೂ ಬಾಲ ಅಲ್ಲಾಡಿದವು, ಹತ್ತೂ ಬುಡ ಅಲ್ಲಾಡಲಿಲ್ಲ.

ಪೆಟ್ರೀನೆ ಅಜ್ಜಿ ಮೀನಿನ ಬಟ್ಟಲು ಹಿಡಿದು ಬಾಗಿಲಿಗೆ ಬಂದಳು. "ಬಂದ್ರಾ ನನ್ನ ಮಕ್ಕಳು!"

"ಕೊಡ್ಬೇಡ ಅಜ್ಜಿ! ಒಂದು ಚೂರೂ ಕೊಡ್ಬೇಡ!"

ಅಜ್ಜಿಯ ಮುಖ ಸಣ್ಣದಾಯಿತು. "ನಾಯಿಗೆ ಮೀನು ಕೊಡ್ಬೇಡ ಅಂದ್ರೆ ನಿನಗೆ ಕಾಫಿ ಯಾಕೆ ಕೊಡ್ಲಿ? ನಿಮ್ಮಮ್ಮನಿಗೂ ಹೀಗೇ ಕೊಬ್ಬಿತ್ತು."

ಆ ಹೊತ್ತಿಗೇ ಸರಿಯಾಗಿ ಔಡುನ್‌ನ ಬಂಡಿ ನಮ್ಮ ಪಕ್ಕದಲ್ಲಿ ಸರ್ರನೆ ಹಾದುಹೋಗಬೇಕೇ! "ಏನ್ರಮ್ಮಾ, ಕಾಫಿ ಆಯ್ತಾ?" ಎಂದು ಕೂಗಿದ. ನಾವು ಆ ದಿನ ಸೇತುವೆ ಸೇರುವಷ್ಟರಲ್ಲಿ ನಾಯಿಗಳು ಪ್ರತಿ ದೀಪದ ಮುಂದೆಯೂ ಹೀಗೆ ಜಪಕ್ಕೆ ಕೂತಿದ್ದವು. ಗುನ್ವೋರ್ ಬಂಡಿಯಿಂದ ಇಳಿದವಳೇ ಸ್ಮುಲಾಳ ಕುತ್ತಿಗೆ ತಬ್ಬಿಕೊಂಡು ಹಿಮದಲ್ಲಿ ಕೂತಳು. "ಹೋಯ್ತು ಕಣೇ ತೋರಾ, ನನ್ನ ಮಗು ಹೋಯ್ತು" ಎಂದಳು. ಸದಾ ಅವಳನ್ನು ಹಂಗಿಸುವ ನಾನು ಅವಳ ಪಕ್ಕದಲ್ಲೇ ಕೂತೆ.

ಈ ಸುದ್ದಿ ಮುದುಕರ ಕಿವಿಗೆ ಬಿತ್ತು. ಓಟದ ಹಿಂದಿನ ಭಾನುವಾರ, ಪ್ರಾರ್ಥನೆ ಮುಗಿದ ಮೇಲಿನ ಕಾಫಿಯಲ್ಲಿ, ಅವರೆಲ್ಲ ಒಂದು ಮೂಲೆಯಲ್ಲಿ ತಲೆಗೆ ತಲೆ ತಾಗಿಸಿ ಕೂತಿದ್ದರಂತೆ. ಇದು ನನಗೆ ಆಮೇಲೆ ತಿಳಿದದ್ದು. ನಾಯಕತ್ವ ಯೊವ್ನಾ ಅಜ್ಜನದು. ಯೊವ್ನಾ ಈ ಉತ್ತರದ ಮೂಲನಿವಾಸಿಗಳಾದ ಸಾಮಿ ಜನಾಂಗದ ಮುದುಕ, ಎಂಬತ್ತು ದಾಟಿದ ಮೇಲೂ ಬಾಯಿ ನೆಟ್ಟಗಿದೆ, ಒಂದು ಕಾಲು ಮಾತ್ರ ಸೊಟ್ಟ. ಕುಂಟನಿಗೆ ಎಂಟು ಚೇಷ್ಟೆ ಅನ್ನುವುದು ಇವನನ್ನು ನೋಡಿಯೇ ಇರಬೇಕು.

"ನಾಯಿ ದೀಪ ನೋಡಿ ತಾನೆ ನಿಲ್ಲೋದು? ಓಟದ ದಿನ ಎಲ್ಲರೂ ದೀಪ ಆರಿಸಿಬಿಡೋಣ" ಎಂದ ಯೊವ್ನಾ.

"ನಮ್ಮ ನದೀಲಿ ಹೊತ್ತು ಮುಳುಗಿದ ಮೇಲೆ ದೀಪ ಇಲ್ದೆ ಇರೋದಾ?" ಪೆಟ್ರೀನೆ ಅಜ್ಜಿ ಗಾಬರಿಯಾದಳು. "ದೀಪ ಕಾಣ್ಲಿಲ್ಲ ಅಂದ್ರೆ ಮುದುಕಿ ಹೋದ್ಲು ಅಂದ್ಕೊಂಡು ದಾರೀಲಿ ಹೋಗೋರೆಲ್ಲ ಒಳಗೆ ನುಗ್ತಾರೆ."

"ಓಟದ ದಿನ ನೀನು ಬದುಕಿದ್ದೀಯೋ ಸತ್ತಿದ್ದೀಯೋ ಅಂತ ನೋಡೋಕೆ ಯಾರಿಗೆ ಪುರುಸೊತ್ತು? ಎಲ್ಲರೂ ಸೇತುವೆ ಹತ್ತಿರ ಇರ್ತಾರೆ. ಆದ್ರೆ ಗುನ್ವೋರ್‌ಗೆ ಬಾಯಿ ಬಿಡ್ಬೇಡಿ. ಅದು ಮೋಸ, ಬೇಡ ಅಂತಾಳೆ ಆ ಹರಿಶ್ಚಂದ್ರನ ತುಂಡು."

ಹೀಗೆ ತೀರ್ಮಾನವಾಯಿತು. ತಮ್ಮ ದಾದಿಗಾಗಿ ಕತ್ತಲಲ್ಲಿ ಕೂರಲು ಇಡೀ ನದಿಯ ಮುದುಕರು ಒಪ್ಪಿದರು.

ಓಟದ ದಿನ ಗಾಳಿ ಇರಲಿಲ್ಲ. ಬಂಡಿಗಳು ಮಧ್ಯಾಹ್ನ ಹೊರಟವು. ಓಟದ ನಿಯಮದಂತೆ ಗುನ್ವೋರ್ ಎಂಟೇ ನಾಯಿಗಳನ್ನು ಕಟ್ಟಿದ್ದಳು. ಬೆಳಕಿರುವವರೆಗೂ ಎಲ್ಲ ಸುಸೂತ್ರ. ಸ್ಮುಲಾ ಎಳೆದ ಎಳೆತಕ್ಕೆ ಔಡುನ್ ಹಿಂದೆ ಉಳಿದ, ಮಿಕ್ಕವರು ಅವನಿಗಿಂತ ಎಷ್ಟೋ ಹಿಂದೆ. ಹೊತ್ತು ಮುಳುಗುವ ಹೊತ್ತಿಗೆ ಗುನ್ವೋರ್ ಮುದುಕರ ಮನೆಗಳಿರುವ ತಿರುವಿಗೆ ಬಂದಳು. ಈಗ ನಿಲ್ಲುತ್ತವೆ, ಈಗ ಕೂರುತ್ತವೆ ಎಂದು ಹಲ್ಲು ಕಚ್ಚಿ ನಿಂತಿದ್ದಳಂತೆ.

ಪೆಟ್ರೀನೆ ಅಜ್ಜಿಯ ಮನೆಯಲ್ಲಿ ದೀಪವಿಲ್ಲ. ಸ್ಮುಲಾ ಒಮ್ಮೆ ತಲೆಯೆತ್ತಿ ನೋಡಿದಳು. ಕತ್ತಲೆ. ಇಲ್ಲಿ ಇಂದು ಊಟವಿಲ್ಲ ಎಂದುಕೊಂಡು ಮುಂದೆ ಓಡಿದಳು. ಮುದುಕರ ಲೆಕ್ಕಾಚಾರ ನಾಯಿಗಳ ಮಟ್ಟಿಗೆ ಒಂದಿಷ್ಟೂ ತಪ್ಪಿರಲಿಲ್ಲ.

ತಪ್ಪಿದ್ದು ಗುನ್ವೋರ್‌ಳ ಮಟ್ಟಿಗೆ. ಕತ್ತಲ ಕಿಟಕಿ ನೋಡಿದ್ದೇ ಅಜ್ಜಿ ಹೋದಳು ಅಂದುಕೊಂಡಳು. ಬ್ರೇಕಿನ ಮೇಲೆ ಎರಡೂ ಕಾಲಿಟ್ಟು ನಿಂತಳು, ಬಂಡಿಯನ್ನು ಕದಲದಂತೆ ಹಿಡಿಯುವ ಕೊಕ್ಕೆಯನ್ನು ಹಿಮಕ್ಕೆ ತುಳಿದಳು, ದಡ ಹತ್ತಿ ಓಡಿದಳು. ಬಾಗಿಲು ದೂಡಿದರೆ, ಪರದೆಯ ಹಿಂದೆ ಪೆಟ್ರೀನೆ ಅಜ್ಜಿ ದುರ್ಬೀನು ಹಿಡಿದು ಕೂತಿದ್ದಾಳೆ.

"ಅಯ್ಯೋ ಮಂಕೇ, ನೀನ್ಯಾಕೆ ನಿಂತೆ? ನಾಯಿ ನಿಲ್ಬಾರ್ದು ಅಂತ ನಾವೆಲ್ಲ ದೀಪ ಆರಿಸಿ ಕೂತಿದ್ರೆ! ಹೋಗು, ಹೋಗು, ಔಡುನ್ ಬಂದ!"

"ನಿಮಗೆಲ್ಲ ವಯಸ್ಸಾದ ಮೇಲೆ ಬುದ್ಧಿ ಕೆಟ್ಟಿದೆ!" ಎಂದು ಬೈಯುತ್ತಲೇ ಗುನ್ವೋರ್ ದಡ ಇಳಿದು ಬಂಡಿ ಹತ್ತಿದಳು. ಔಡುನ್‌ನ ನಾಯಿಗಳ ಉಸಿರು ಆಗಲೇ ಕೇಳಿಸುತ್ತಿತ್ತು.

ಮುಂದಿನ ಮನೆಯೂ ಕತ್ತಲೆ. ಗುಟ್ಟು ಗೊತ್ತಾಗಿತ್ತಲ್ಲ, ನಿಲ್ಲಲಿಲ್ಲ. ಅದರಾಚೆಯದೂ ಕತ್ತಲೆ, ಅಲ್ಲಿಯೂ ನಿಲ್ಲಲಿಲ್ಲ. ಕೊನೆಯದು ಯೊವ್ನಾ ಅಜ್ಜನದು. ಅದನ್ನೂ ದಾಟಿದಳು. ಸೇತುವೆಯ ಬೆಳಕು ದೂರದಲ್ಲಿ ಕಾಣತೊಡಗಿತ್ತು. ಸ್ಮುಲಾ ತನ್ನವಳೇ ಆದಳು ಎನ್ನುವಷ್ಟರಲ್ಲಿ ಅವಳ ತಲೆಗೆ ಒಂದು ಹುಳ ಹೊಕ್ಕಿತು. ಎಲ್ಲರೂ ಬೇಕೆಂದೇ ದೀಪ ಆರಿಸಿದ್ದರೆ, ಯಾರೋ ಒಬ್ಬರಿಗೆ ನಿಜವಾಗಿಯೇ ಏನಾದರೂ ಆಗಿದ್ದರೆ ತಿಳಿಯುವುದು ಹೇಗೆ? ಹಿಂತಿರುಗಿ ನೋಡಿದಳು. ಹಿಂದಿನ ಮನೆಗಳಲ್ಲಿ ದೀಪವಿಲ್ಲದಿದ್ದರೂ ಚಿಮಣಿಯಲ್ಲಿ ಹೊಗೆಯಿತ್ತು. ಯೊವ್ನಾನ ಚಿಮಣಿಯಲ್ಲಿ ಹೊಗೆಯೂ ಇರಲಿಲ್ಲ.

ಬಾಯಿಗೆ ಬಂದ ಎಲ್ಲ ಬೈಗುಳವನ್ನೂ ಬೈದು, ಬಂಡಿ ನಿಲ್ಲಿಸಿ, ಅರೆಬರೆ ಕೊಕ್ಕೆ ತುಳಿದು, ನದಿಯ ಮೇಲೆ ಹಿಂದಕ್ಕೆ ಓಡಿದಳು.

ಯೊವ್ನಾ ಅಡುಗೆಮನೆಯ ನೆಲದ ಮೇಲಿದ್ದ. ಬಂಡಿಗಳು ಹೊರಡುವ ಹೊತ್ತಿಗೇ ಪರದೆ ಎಳೆದು ದೀಪ ಆರಿಸಿ, ಆ ಕತ್ತಲಲ್ಲಿ ಕಿಟಕಿಗೆ ಹೋಗುವಾಗ ತಾನೇ ತಂದಿಟ್ಟ ಸೌದೆ ಎಡವಿ ಬಿದ್ದಿದ್ದ. ಇದ್ದ ಒಳ್ಳೆಯ ಕಾಲೂ ಉಳುಕಿತ್ತು. ಫೋನ್ ಕೈಗೆಟುಕದೆ ಗೋಡೆಯ ಮೇಲಿತ್ತು, ಒಲೆ ಆರಿ ತಣ್ಣಗಾಗಿತ್ತು. ತುಟಿ ನೀಲಿಯಾಗಿದ್ದರೂ ಬಾಯಿ ನಿಂತಿರಲಿಲ್ಲ. "ಯಾಕ್ ಬಂದೆ? ನಾನು ಸುಮ್ನೆ ಕೂತಿದ್ದೀನಿ. ಓಟ ಓಡು ಹೋಗು, ದರಿದ್ರದವಳೇ!" ಎಂದು ಸಾಮಿ, ಫಿನ್ನಿಶ್, ನಾರ್ವೇಜಿಯನ್ ಮೂರೂ ಭಾಷೆಗಳಲ್ಲಿ ಬೈದನಂತೆ. ಅವನನ್ನು ಎತ್ತಿ ಹಾಸಿಗೆಗೆ ಹಾಕಲು ಗುನ್ವೋರ್ ಒಬ್ಬಳಿಂದ ಆಗಲಿಲ್ಲ. ಆಗ ಹಿಂದಿನಿಂದ ಎರಡು ಕೈ ಬಂದು ಮುದುಕನ ಕಂಕುಳಿಗೆ ಆತುಕೊಂಡವು. ಔಡುನ್.

ಇತ್ತ ಸೇತುವೆಯ ಬಳಿ ನಾನು ಬೆಂಕಿಯ ಮೇಲೆ ಕಾಫಿ ಕಾಯಿಸುತ್ತಿದ್ದೆ. "ಬಂತು, ಬಂತು!" ಎಂದು ಜನ ಕೂಗಿದರು. ಕತ್ತಲಿನಿಂದ ಮೊದಲು ಕಂಡದ್ದು ಒಂದು ನೆಟ್ಟಗಿನ ಕಿವಿ, ಒಂದು ಜೋತ ಕಿವಿ. ನಾನು ಸೌಟು ಎಸೆದು ಕುಣಿದೆ. ಸ್ಮುಲಾ ಗೆರೆ ದಾಟಿ ನೇರವಾಗಿ ನನ್ನ ಬೆಂಕಿಯ ಮುಂದೆ ಬಂದು ಕೂತಳು. ಆಮೇಲೆ ನಾನು ಬಂಡಿಯ ಹಿಂದೆ ನೋಡಿದೆ. ಅಲ್ಲಿ ಯಾರೂ ಇರಲಿಲ್ಲ.

ಖಾಲಿ ಬಂಡಿ ಮನೆಗೆ ಬಂದರೆ ಏನರ್ಥವೆಂದು ನದಿಯ ಮೇಲೆ ಬದುಕುವವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಮಂಜುಗಡ್ಡೆಯ ಬಿರುಕು, ಕೆಳಗಿನ ಕಪ್ಪು ನೀರು, ಎಲ್ಲ ನನ್ನ ಕಣ್ಣ ಮುಂದೆ ಬಂತು. ಅವಳನ್ನು ಹಂಗಿಸಿದ್ದೆಲ್ಲ ಸುಳ್ಳು ದೇವರೇ, ಅವಳಿಲ್ಲದೆ ನಾನು ಯಾರ ಜೊತೆ ಜಗಳವಾಡಲಿ ಎಂದು ಮೊರೆಯಿಟ್ಟೆ. ಅಷ್ಟರಲ್ಲಿ ಎರಡನೆಯ ಬಂಡಿ ಬಂತು. ಔಡುನ್‌ನ ಹೆಸರಾಂತ ನಾಯಿಗಳು. ಅದೂ ಖಾಲಿ!

"ಇಬ್ಬರೂ ಓಡಿಹೋದ್ರಾ ಹೇಗೆ?" ಎಂದು ಯಾರೋ ಅಂದರು. ಬೇರೆ ದಿನವಾಗಿದ್ದರೆ ಆ ಮಾತು ನನ್ನದಾಗಿರುತ್ತಿತ್ತು.

ಹಿಮ ಸ್ಕೂಟರ್‌ಗಳು ಬೆಳಕು ಬೀರುತ್ತಾ ನದಿಯ ಮೇಲಕ್ಕೆ ಹೋದವು. ಮರಳಿ ಬಂದಾಗ ಒಂದರ ಹಿಂದಿನ ಗಾಡಿಯಲ್ಲಿ ಹಿಮಸಾರಂಗದ ತೊಗಲು ಸುತ್ತಿಕೊಂಡು ಯೊವ್ನಾ ಮಹಾರಾಜರು ಮಲಗಿದ್ದರು, ಪಾದಗಳಿಗೆ ಔಡುನ್‌ನ ಕೈಗವಸು. ಪಕ್ಕದಲ್ಲಿ ಗುನ್ವೋರ್. ಹಿಂದೆ ಬರಿಗೈ ಉಜ್ಜಿಕೊಳ್ಳುತ್ತಾ ಔಡುನ್. ಗಡಿಬಿಡಿಯಲ್ಲಿ ಇಬ್ಬರೂ ಅರೆಬರೆ ತುಳಿದಿದ್ದ ಕೊಕ್ಕೆಗಳನ್ನು ಕಿತ್ತುಕೊಂಡು ನಾಯಿಗಳು ಸೇತುವೆಯ ಬೆಳಕಿನತ್ತ ಓಡಿಬಂದಿದ್ದವು. ನಾನು ಅತ್ತಿಗೆಯನ್ನು ಅಪ್ಪಿಕೊಂಡು, "ಸತ್ತೆ ಅಂದ್ಕೊಂಡೆ ಕಣೇ, ಪಾಪಿ!" ಎಂದು ಬೆನ್ನಿಗೆ ನಾಲ್ಕು ಗುದ್ದಿದೆ.

ಸವಾರರಿಲ್ಲದ ಬಂಡಿಗಳು ಲೆಕ್ಕಕ್ಕಿಲ್ಲ ಎಂದರು ತೀರ್ಪುಗಾರರು. ಎಷ್ಟೋ ಹೊತ್ತಿನ ಮೇಲೆ ಬಂದ ಕರಾವಳಿಯ ಮೇಷ್ಟರೊಬ್ಬರ ಕೈಗೆ ಗೆಲುವಿನ ಬಟ್ಟಲು ಬಂತು. ತಾನು ಗೆದ್ದದ್ದು ಹೇಗೆಂದು ಆ ಮನುಷ್ಯ ಸಿಕ್ಕಸಿಕ್ಕವರನ್ನೆಲ್ಲ ಕೇಳುತ್ತಿದ್ದರು. ನಮ್ಮ ಜನರ ಕಣ್ಣಿದ್ದದ್ದು ಬೆಂಕಿಯ ಮುಂದೆ ಕೂತ ಸ್ಮುಲಾಳ ಮೇಲೆ. ಇಬ್ಬರೂ ಗೆದ್ದಿಲ್ಲ, ಹಾಗಾದರೆ ನಾಯಿ ಯಾರದು?

"ಮುಂದಿನ ವರ್ಷ ಮತ್ತೆ ಓಡಲಿ" ಎಂದರು ಕೆಲವರು. ಗುನ್ವೋರ್ ಸ್ಮುಲಾಳ ಕುತ್ತಿಗೆಪಟ್ಟಿ ಹಿಡಿದು, ತಲೆ ತಗ್ಗಿಸಿ ನಿಂತಿದ್ದಳು. ಕೊಟ್ಟ ಮಾತು ಅವಳ ಕುತ್ತಿಗೆಗೆ ಇನ್ನೂ ಸುತ್ತಿಕೊಂಡೇ ಇತ್ತು.

ನನಗೆ ತಡೆಯಲಾಗಲಿಲ್ಲ. "ಔಡುನ್, ಅವಳ ಬಂಡಿ ಖಾಲಿ ನಿಂತಿತ್ತು. ಸುಮ್ಮನೆ ಮುಂದೆ ಹೋಗಿದ್ರೆ ನಾಯಿ ನಿನ್ನದೇ ಆಗ್ತಿತ್ತಲ್ಲೋ. ನೀನ್ಯಾಕೆ ನಿಂತೆ?"

ಅವನು ನನಗೆ ತಲೆ ಕೆಟ್ಟಿದೆಯೇನೋ ಎಂಬಂತೆ ನೋಡಿದ. "ದೀಪ ಇರ್ಲಿಲ್ಲ ಕಣೇ. ಹೊಗೆಯೂ ಇರ್ಲಿಲ್ಲ" ಎಂದ.

ಆಮೇಲೆ ಮೂಗು ಒರೆಸಿಕೊಂಡು, ಎಲ್ಲರಿಗೂ ಕೇಳಿಸುವ ಹಾಗೆ, ಜಗಳಕ್ಕೆ ನಿಂತವನ ದನಿಯಲ್ಲಿ ಹೇಳಿದ: "ಓಟ ಮುಗಿದಿದ್ದು ಈ ಮುದುಕನ ಬಾಗಿಲಲ್ಲಿ. ಅಲ್ಲಿಗೆ ಮೊದಲು ಬಂದೋಳು ಗುನ್ವೋರ್. ನಾನು ಎರಡನೆಯವನು. ನಾಯಿ ಅವಳದು. ಇನ್ನು ಈ ಮಾತು ಯಾರೂ ಎತ್ತಬೇಡಿ."

ನನ್ನ ಅತ್ತಿಗೆ ಕಣ್ಣೀರನ್ನು ಕೆನ್ನೆಯ ಮೇಲೆ ಹೆಪ್ಪುಗಟ್ಟುವ ಮೊದಲು ಒರೆಸಿಕೊಂಡಳು. ಆಮೇಲೆ ಹೋಗಿ ಔಡುನ್‌ನ ಎರಡೂ ಕೈ ಹಿಡಿದು ಬೆಂಕಿಯ ಬೆಳಕಿಗೆ ತಿರುಗಿಸಿ, ಬೆರಳು ಬೆರಳೇ ಒತ್ತಿ ನೋಡತೊಡಗಿದಳು.

"ಎರಡು ಬೆರಳು ಬೆಳ್ಳಗಾಗಿವೆ. ಬೆಂಕಿಗೆ ಹಿಡೀಬೇಡ, ಕಂಕುಳಲ್ಲಿ ಇಟ್ಕೋ, ಮುಠ್ಠಾಳ. ನಾಳೆ ಬೆಳಿಗ್ಗೆ ಬಂದು ನೋಡ್ತೀನಿ."

"ಬಾ" ಎಂದ ಔಡುನ್. "ಆದ್ರೆ ನಾಯಿಗಳನ್ನ ಕಟ್ಕೊಂಡೇ ಬಾ. ಕಿಟಕೀಲಿ ದೀಪ ಇಟ್ಟಿರ್ತೀನಿ."